ಬೈಲಕುಪ್ಪೆ ಟಿಬೆಟಿಯನ್ ಅಂಗಡೀಲಿ ಧೂಪ, ಉಂಗುರ, ಬಟ್ಟಲು ತಗೊಳ್ಳೋರಿಗೆ ಏನ್ ಹೇಳ್ತೀರಾ?

ಹೇಮಾವತಿ ದಡ:

ಎಲ್ರಿಗೂ ನಮಸ್ಕಾರ. ದಸರಾ ರಜೇಲಿ ಅಮ್ಮ, ಅತ್ತೆ ಇಬ್ರನ್ನೂ ಕರ್ಕೊಂಡು ಮಡಿಕೇರಿ ಕಡೆ ಹೊರಟಿದೀವಿ, ದಾರೀಲೇ ಸಿಗೋದ್ರಿಂದ ಬೈಲಕುಪ್ಪೇಲೂ ಇಳಿಯೋದು ಅಂತ ಆಗಿದೆ. ಗೋಲ್ಡನ್ ಟೆಂಪಲ್ ಬಗ್ಗೆ ವೀಡಿಯೋಗಳು ಬೇಕಾದಷ್ಟಿವೆ, ನಂಗೆ ಗೊತ್ತಾಗ್ಬೇಕಿರೋದು ಅದರ ಆಸುಪಾಸಿನ ಸಣ್ಣ ಸಣ್ಣ ಟಿಬೆಟಿಯನ್ ಅಂಗಡಿಗಳ ವಿಷ್ಯ. ಅಮ್ಮಂಗೆ ನೀಲಿಹಸಿರು ಕಲ್ಲಿನ ಬೆಳ್ಳಿ ಉಂಗುರ ಬೇಕಂತೆ, ಟರ್ಕಾಯ್ಸ್ ಅಂತಾರಲ್ಲ ಅದು. ಅತ್ತೆಗೆ ದೇವರ ಮನೆಗೆ ಟಿಬೆಟ್ ಧೂಪ ಬೇಕು, ಆದ್ರೆ ಅವರಿಗೆ ಉಬ್ಬಸ ಇದೆ, ಅದೇ ಯೋಚ್ನೆ. ನನ್ ತಮ್ಮ ಧ್ಯಾನ ಮಾಡ್ತಾನೆ, ಕೋಲಲ್ಲಿ ಉಜ್ಜಿದ್ರೆ ಗುಂಯ್ ಅನ್ನೋ ಬಟ್ಟಲು ತಂದ್ಕೊಡು ಅಂದಿದಾನೆ. ಯಾವ್ದನ್ನ ನೋಡಿ ತಗೋಬೇಕು, ಚೌಕಾಸಿ ಮಾಡಿದ್ರೆ ಬೇಜಾರು ಮಾಡ್ಕೋತಾರಾ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಅಲೆಮಾರಿ 22:

ಎಲ್ಲಾ ಚೀನಾ ಮಾಲು. ಮಂದಿರ ನೋಡಿ, ಮೋಮೋ ತಿನ್ನಿ, ಬನ್ನಿ. ಶಾಪಿಂಗ್‌ಗೆ ದುಡ್ಡು ಹಾಕ್ಬೇಡಿ.

ಕೊಪ್ಪ ಸರ್ಕಲ್:

ಮೇಡಂ, ನಮ್ದು ಇಲ್ಲೇ ಪಕ್ಕದೂರು, ಚಿಕ್ಕಂದಿನಿಂದ ಟಿಬೆಟಿಯನ್ನರ ಕ್ಯಾಂಪ್ ಒಳಗೆ ಓಡಾಡ್ಕೊಂಡೇ ಬೆಳೆದಿರೋದು, ನಮ್ಮಪ್ಪ ಅವರ ಮುಸುಕಿನ ಜೋಳದ ಹೊಲಕ್ಕೆ ಟ್ರ್ಯಾಕ್ಟರ್ ಹೊಡೀತಿದ್ರು. ಹಂಗಾಗಿ ಉದ್ದ ಆದ್ರೂ ಪರ್ವಾಗಿಲ್ಲ ಅಂತ ಬರೀತೀನಿ.

ಮೇಲ್ಗಡೆಯವರು ಎಲ್ಲಾ ಚೀನಾ ಮಾಲು ಅಂದ್ಬಿಟ್ರು, ಅದು ಸರಿಯಲ್ಲ. ಒಂದೇ ಗಾಜಿನ ಪೆಟ್ಟಿಗೇಲಿ ನೇಪಾಳದ ಪಾಟನ್‌ನಲ್ಲಿ ಎರಕ ಹೊಯ್ದ ಬುದ್ಧ ಇರ್ತಾನೆ, ಜೈಪುರದ ಕಲ್ಲಿರುತ್ತೆ, ಮೊರಾದಾಬಾದ್ ಹಿತ್ತಾಳೆ ಇರುತ್ತೆ, ಚೀನಾದ ಪ್ಲಾಸ್ಟಿಕ್ ಮಣೀನೂ ಇರುತ್ತೆ, ಅದರ ಪಕ್ಕದಲ್ಲೇ ಇಲ್ಲೇ ಕ್ಯಾಂಪಲ್ಲಿ ಯಾರೋ ಅಜ್ಜಿ ಕೂತು ಹೊಲಿದ ಪಟ್ಟೆ ಪಟ್ಟೆ ಬಟ್ಟೆಯ ಪರ್ಸ್ ಇರುತ್ತೆ. ಮದುವೆ ಆದ ಹೆಂಗಸ್ರು ಸೊಂಟಕ್ಕೆ ಮುಂದ್ಗಡೆ ಕಟ್ಟೋ ಪಂಗ್ದೆನ್ ಇದ್ಯಲ್ಲ, ಆ ಬಟ್ಟೇನೇ ಅದು. ಹೊರಗಿನವರ ಕಣ್ಣಿಗೆ ಎಲ್ಲಾ ಒಂದೇ ಥರ ಕಾಣುತ್ತೆ. ಅದಕ್ಕೆ ನಾನು ಕರ್ಕೊಂಡು ಹೋದೋರಿಗೆಲ್ಲಾ ಹೇಳೋದು ಒಂದೇ, ರೇಟ್ ಕೇಳೋ ಮುಂಚೆ "ಇದು ಎಲ್ಲಿ ಮಾಡಿದ್ದು, ಯಾರು ಮಾಡಿದ್ದು" ಅಂತ ಕೇಳಿ. ಕೇಳಿದ್ರೆ ಮುಚ್ಚುಮರೆ ಇಲ್ದೆ ಹೇಳೋರೇ ಜಾಸ್ತಿ, ಜನ ಕೇಳೋದೇ ಇಲ್ಲ ಅಷ್ಟೆ. "ಇದು ನೇಪಾಳದ್ದು, ಇದು ಡೆಲ್ಲಿಯಿಂದ ಬರೋದು, ಇದು ನಮ್ದೇ" ಅಂತ ಬೆರಳಿಟ್ಟು ತೋರಿಸ್ತಾರೆ. ಹಳಬರು ಕನ್ನಡ ಚೆನ್ನಾಗಿ ಮಾತಾಡ್ತಾರೆ, ನೀವು ಹಿಂದಿ ಇಂಗ್ಲಿಷ್ ಅಂತ ಒದ್ದಾಡೋದೇ ಬೇಡ. ವಯಸ್ಸಾದ ಹೆಂಗಸರನ್ನ ಅಮಾಲಾ ಅಂತ ಕರೀರಿ, ಗಂಡಸರನ್ನ ಪಾಲಾ ಅಂತ. ಹಂಗ್ ಕರೆದ್ರೆ ಮುಖ ಅರಳುತ್ತೆ.

ಸಣ್ಣ ಅಂಗಡಿಗೇ ಹೋಗಿ ಅನ್ನೋದು ನನ್ ಅಭಿಪ್ರಾಯ. ಮಂದಿರದ ಗೇಟಿನ ಮುಂದೆ ಶನಿವಾರ ಭಾನುವಾರ ಟೂರಿಸ್ಟ್ ಬಸ್ಸು ಬಂದ್ರೆ ಅಲ್ಲಿ ಯಾರಿಗೂ ಮಾತಾಡೋಕೆ ಪುರುಸೊತ್ತಿರಲ್ಲ. ಕ್ಯಾಂಪ್ ಕಡೆ ಒಳಗೆ ನಡ್ಕೊಂಡು ಹೋಗಿ. ನಾನು ಯಾವಾಗ್ಲೂ ಹೋಗೋ ಒಂದು ಅಂಗಡಿ ಇದೆ, ಇಬ್ರು ನಿಂತ್ರೆ ಮೂರನೆಯೋರು ಹೊರಗೆ ಕಾಯ್ಬೇಕು ಅಷ್ಟು ಚಿಕ್ಕದು. ಮೇಲೆ ದಲೈ ಲಾಮಾ ಫೋಟೋ, ಅದಕ್ಕೊಂದು ಬಿಳಿ ಖಾತಾ (ಗೌರವಕ್ಕೆ ಹಾಕೋ ಶಾಲು), ಕೆಳಗೆ ಸಾಲಾಗಿ ಏಳು ನೀರಿನ ಬಟ್ಟಲು. ಅಮಾಲಾ ಎಡಗೈಲಿ ಜಪಸರ ತಿರುಗಿಸ್ತಾನೇ ಇರ್ತಾರೆ, ಬಲಗೈಲಿ ಧೂಪದ ಕಟ್ಟು ಪೇಪರಿಗೆ ಸುತ್ತಿ ದಾರ ಕಟ್ತಾರೆ, ಗಂಟು ಹಾಕೋವಾಗ ಮಾತ್ರ ಸರಾನ ಮಣಿಕಟ್ಟಿಗೆ ಏರಿಸ್ಕೋತಾರೆ. ನೂರೆಂಟು ಮಣಿ ಸರ ಅದು, ನಮ್ಮ ಜಪಮಾಲೆ ಥರಾನೇ.

ಧೂಪದ ಬಗ್ಗೆ ಆಮೇಲೆ ಬರೀತೀನಿ, ಈಗ ಕೆಲ್ಸಕ್ಕೆ ಟೈಮಾಯ್ತು.

ಅಕ್ಕಸಾಲಿ ಮನೆ:

ಉಂಗುರದ ವಿಷ್ಯ ನಾನು ಹೇಳ್ತೀನಿ, ನಮ್ದು ಮೂರು ತಲೆಮಾರಿಂದ ಬೆಳ್ಳಿ ಕೆಲ್ಸ.

ಟಿಬೆಟಿಯನ್ ಸಿಲ್ವರ್ ಅಂತ ಹೇಳಿ ಮಾರೋದ್ರಲ್ಲಿ ಬಹಳಷ್ಟು ಬೆಳ್ಳಿಯೇ ಅಲ್ಲ. ತಾಮ್ರಕ್ಕೆ ತವರನೋ ನಿಕ್ಕಲ್ಲೋ ಬೆರೆಸಿದ ಬಿಳಿ ಲೋಹ, ಮೇಲೆ ಕಪ್ಪು ಕೊಟ್ಟು ಹಳೇದರ ಥರ ಕಾಣಿಸಿರ್ತಾರೆ. ಇದು ಬೈಲಕುಪ್ಪೆ ಕಥೆ ಅಂತಲ್ಲ, ಪ್ರಪಂಚದಲ್ಲೆಲ್ಲಾ ಆನ್‌ಲೈನಲ್ಲಿ ಆ ಹೆಸರಲ್ಲಿ ಮಾರೋದು ಇದೇನೇ. ಅಂಥ ಒಡವೆಗಳಲ್ಲಿ ಕೆಲವದರಲ್ಲಿ ಸೀಸ ಸಿಕ್ಕಿದ್ದೂ ಉಂಟು, ಅದಕ್ಕೆ ಮಕ್ಕಳಿಗೆ ಹಾಕ್ಬೇಡಿ, ಬಾಯಿಗಿಟ್ಕೋತವೆ. ನಿಕ್ಕಲ್ ಆಗ್ದೇ ಇರೋ ಮೈಗೆ ಬೆರಳಿನ ಸುತ್ತ ಕೆರೆತ ಬರುತ್ತೆ. ಜನ ಅಯಸ್ಕಾಂತ ಹಿಡಿದು, ಅಂಟ್ಲಿಲ್ಲ ಅಂದ್ರೆ ಬೆಳ್ಳಿ ಅನ್ಕೋತಾರೆ, ಆದ್ರೆ ತಾಮ್ರ ತವರಾನೂ ಅಯಸ್ಕಾಂತಕ್ಕೆ ಅಂಟಲ್ಲ, ಆ ಪರೀಕ್ಷೆಯಿಂದ ಏನೂ ತಿಳಿಯಲ್ಲ. ಅಮ್ಮಂಗೆ ದಿನಾ ಹಾಕೋಕೆ ಅಂದ್ರೆ ಒಳಗಡೆ 925 ಮುದ್ರೆ (ನೂರಕ್ಕೆ 92.5 ಪಾಲು ಬೆಳ್ಳಿ ಅಂತ) ನೋಡಿ, ತೂಕ ಹಾಕಿಸಿ, ಬಿಲ್ಲಲ್ಲಿ "ಬೆಳ್ಳಿ 925, ಇಷ್ಟು ಗ್ರಾಮ್" ಅಂತ ಬರೆಸ್ಕೊಳ್ಳಿ. ಬೆಳ್ಳಿಗೆ ಹಾಲ್‌ಮಾರ್ಕ್ ಚಿನ್ನದ ಹಂಗೆ ಕಡ್ಡಾಯ ಮಾಡಿಲ್ಲ, ಹಂಗಾಗಿ ಬಿಲ್ಲೇ ನಿಮಗೆ ಆಧಾರ. ಬರೆದುಕೊಡೋಕೆ ಹಿಂದೇಟು ಹಾಕಿದ್ರೆ ಅಲ್ಲಿಗೆ ಬಿಟ್ಬಿಡಿ. ಊರಿಗೆ ಬಂದ್ಮೇಲೆ ಯಾವ ಅಕ್ಕಸಾಲಿ ಹತ್ರ ಹೋದ್ರೂ ಒರೆಗಲ್ಲಲ್ಲಿ ಒಂದು ಗೀಟು ಎಳೆದು ಹೇಳ್ತಾರೆ.

ಇನ್ನು ಕಲ್ಲು. ಟರ್ಕಾಯ್ಸ್ ಹೆಸರಲ್ಲಿ ಮಾರೋದ್ರಲ್ಲಿ ಹೌಲೈಟ್ ಅನ್ನೋ ಬಿಳಿ ಕಲ್ಲಿಗೆ ಬಣ್ಣ ಕುಡಿಸಿದ್ದು ತುಂಬಾ ಇದೆ. ಅದರಲ್ಲೂ ಕಪ್ಪು ಬೂದು ಗೆರೆ ಹುಟ್ಟಾನೇ ಇರೋದ್ರಿಂದ ನೋಡೋಕೆ ಅಸಲೀನೇ ಅನ್ಸುತ್ತೆ. ಮಣಿ ಆದ್ರೆ ದಾರ ಪೋಣಿಸೋ ತೂತಿನ ಒಳಗೆ ನೋಡಿ, ಬಣ್ಣ ಹಾಕಿದ್ದರಲ್ಲಿ ತೂತಿನ ಅಂಚು ಬೆಳ್ಳಗಿರುತ್ತೆ, ಇಲ್ಲಾ ಬಣ್ಣ ಅಲ್ಲಲ್ಲಿ ಗಟ್ಟಿಯಾಗಿ ನಿಂತಿರುತ್ತೆ. ಉಂಗುರಕ್ಕೆ ಕೂರಿಸಿದ ಕಲ್ಲಾದ್ರೆ ಅಂಗಡಿಯವರ ಒಪ್ಪಿಗೆ ತಗೊಂಡು ನೇಲ್ ಪಾಲಿಶ್ ತೆಗೆಯೋ ಅಸಿಟೋನ್ ಹತ್ತಿಗೆ ಹಾಕಿ ಹಿಂದುಗಡೆ ಒರೆಸಿ ನೋಡಿ, ಹತ್ತಿಗೆ ನೀಲಿ ಹತ್ತಿದ್ರೆ ಮುಗೀತು. ಎಲ್ಲಾ ಬಣ್ಣಾನೂ ಹತ್ತಿಗೆ ಬರಲ್ಲ, ಮೇಲೆ ಮೇಣ ರಾಳ ಹಚ್ಚಿದ್ರೆ ಬಿಡಲ್ಲ, ಆದ್ರೂ ಸಾಧಾರಣ ಮೋಸ ಇದರಲ್ಲೇ ಹೊರಗೆ ಬರುತ್ತೆ. ಕೆಲವು ಕಲ್ಲು ಅಸಲೀನೇ ಇರುತ್ತೆ ಆದ್ರೆ ಮೆತ್ತಗಿರುತ್ತೆ ಅಂತ ರಾಳ ಕುಡಿಸಿ ಗಟ್ಟಿ ಮಾಡಿರ್ತಾರೆ, ಅದು ವ್ಯಾಪಾರದಲ್ಲಿ ನಡ್ಕೊಂಡು ಬಂದಿದ್ದು, ಹೇಳಿ ಮಾರಿದ್ರೆ ತಪ್ಪೇನಿಲ್ಲ.

ಅಸಲಿ ಟರ್ಕಾಯ್ಸ್ ಎಣ್ಣೆ, ಸೋಪು, ಬೆವರು ಎಲ್ಲಾ ಹೀರುತ್ತೆ. ಅಮ್ಮ ಅಡುಗೆ ಮಾಡೋವಾಗ, ಎಣ್ಣೆ ನೀರು ಹಾಕ್ಕೊಳ್ಳೋವಾಗ ತೆಗೆದಿಡಲಿ, ಇಲ್ಲಾಂದ್ರೆ ಬರ್ತಾ ಬರ್ತಾ ನೀಲಿ ಹೋಗಿ ಹಸಿರಿಗೆ ತಿರುಗಬಹುದು.

ಹೇಮಾವತಿ ದಡ:

ಅಣ್ಣ, ತುಂಬಾ ಉಪಕಾರ ಆಯ್ತು. ಹವಳಾನೂ ಇರುತ್ತಾ ಅಲ್ಲಿ? ಅಮ್ಮ ಅದನ್ನೂ ಕೇಳೋ ಪೈಕಿ.

ಅಕ್ಕಸಾಲಿ ಮನೆ:

ಇರುತ್ತೆ. ಟಿಬೆಟಿಯನ್ನರಿಗೆ ಹವಳ, ಟರ್ಕಾಯ್ಸ್, ಅಂಬರ್ ಮೂರೂ ಪ್ರಾಣ. ಸಮುದ್ರಾನೇ ಇಲ್ಲದ ನಾಡಿಗೆ ಮೆಡಿಟರೇನಿಯನ್ ಸಮುದ್ರದ ಕೆಂಪು ಹವಳ ವ್ಯಾಪಾರಿಗಳ ಕೈಯಿಂದ ಕೈಗೆ ದಾಟಿ ಹೋಗ್ತಿತ್ತು ಅಂದ್ರೆ ಅದಕ್ಕೆ ಎಷ್ಟು ಬೆಲೆ ಇದ್ದಿರ್ಬೇಕು ನೋಡಿ. ಈಗ ಸಣ್ಣ ಅಂಗಡೀಲಿ ಅಗ್ಗಕ್ಕೆ ಸಿಗೋ ಕೆಂಪು ಮಣಿ ಗಾಜಿರ್ಬಹುದು, ಬಣ್ಣ ಹಾಕಿದ ಬಿದಿರು ಹವಳ ಅನ್ನೋ ಅಗ್ಗದ ಜಾತಿ ಹವಳ ಇರ್ಬಹುದು. ಭೂತಗನ್ನಡಿ ಇಟ್ಟು ನೋಡಿ, ಗಾಜಲ್ಲಿ ಗುಂಡಗಿನ ಗುಳ್ಳೆ ಕಾಣುತ್ತೆ, ಒಳ್ಳೇ ಹವಳದಲ್ಲಿ ಉದ್ದಕ್ಕೆ ಕೂದಲಿನಷ್ಟು ಸಣ್ಣ ಗೆರೆಗಳಿರುತ್ವೆ. ನಿಂಬೆಹುಳಿ ಹಾಕಿ ನೊರೆ ಬಂದ್ರೆ ಅಸಲಿ ಅಂತ ಕೆಲವರು ಹೇಳ್ತಾರೆ, ದಯವಿಟ್ಟು ಮಾಡ್ಬೇಡಿ, ಹೊಳಪು ಹಾಳಾಗುತ್ತೆ, ಅದೂ ಅಲ್ದೆ ಬಣ್ಣ ಹಾಕಿದ ಹವಳಾನೂ ನೊರೆ ಬರಿಸುತ್ತೆ.

ಕಪ್ಪು ಬಿಳಿ ಕಣ್ಣು ಕಣ್ಣಿರೋ ಉದ್ದನೆ ಮಣಿ ತೋರಿಸ್ತಾರೆ, ಡ್ಝೀ ಅಂತ. ಹಳೇ ಡ್ಝೀ ಅಗೇಟ್ ಕಲ್ಲಿನ ಮೇಲೆ ಗೆರೆ ಕೂರಿಸಿದ್ದು, ಅವರ ಮನೆಗಳಲ್ಲಿ ತಾಯಿಯಿಂದ ಮಗಳಿಗೆ ಬರೋ ಆಸ್ತಿ ಅದು, ಒಂಬತ್ತು ಕಣ್ಣಿಂದಂತೂ ಲಕ್ಷಗಳಲ್ಲಿ ಹೋಗುತ್ತೆ. ಅಂಗಡೀಲಿ ನೂರಿನ್ನೂರು ರೂಪಾಯಿಗೆ ಸಿಗೋದು ಹೊಸದು. ಚೆಂದಕ್ಕೆ ಹಾಕ್ಕೊಳ್ಳಿ, ಹಳೇದು ಅಂತ ನಂಬಿ ಜಾಸ್ತಿ ಕೊಡ್ಬೇಡಿ.

ಮುಂಡಗೋಡ ಮಂದಿ:

ನಮಸ್ಕಾರ್ರೀ. ನಾವು ಮುಂಡಗೋಡ ಕಡೆಯವ್ರು, ಇಲ್ಲೂ 1966ರಿಂದ ಟಿಬೆಟಿಯನ್ ಕಾಲೋನಿ ಐತಿ, ಡ್ರೆಪುಂಗ್, ಗಾಂದೆನ್ ಅಂತ ದೊಡ್ಡ ದೊಡ್ಡ ಮಠ ಅದಾವ. ತಮ್ಮನ ಬಟ್ಟಲಿನ ಬಗ್ಗೆ ಒಂದೆರಡು ಮಾತು ಹೇಳ್ತೇನ್ರಿ.

ನಾ ಸಣ್ಣಾಂವ ಇದ್ದಾಗಿಂದ ಮಠದ ಪೂಜಾ ನೋಡೇನಿ. ಗಂಟಿ ಬಾರಸ್ತಾರ, ಒಂದು ಕೈಯಾಗ ವಜ್ರ ಅಂತ ಲೋಹದ ಪೂಜಾ ಸಾಮಾನು ಹಿಡೀತಾರ, ಉದ್ದನ ಕಹಳಿ ಊದತಾರ, ದೊಡ್ಡ ತಾಳ ಹೊಡೀತಾರ, ನಗಾರಿ ಇರ್ತೈತಿ. ಬಟ್ಟಲಾ ಉಜ್ಜಿ ಗುಂಯ್ ಅನ್ಸೋದು ಒಂದ್ ಪೂಜಾದಾಗೂ ನೋಡಿಲ್ಲ. ನಮಗ ಗುರ್ತಿನ ಒಬ್ಬ ಗೆಲೊಂಗ್ (ಪೂರ್ಣ ದೀಕ್ಷಾ ತಗೊಂಡ ಭಿಕ್ಷು) ಅವ್ರನ್ನ ಕೇಳಿದ್ರ ಅವ್ರೂ ಅದನ್ನ ಹೇಳಿದ್ರು, ಇದು ನಮ್ಮ ಪೂಜಾದಾಗ ಇಲ್ಲ, 1970ರ ನಂತ್ರ ಪಶ್ಚಿಮದವ್ರು ಹಚ್ಚಿಕೊಂಡ ಮ್ಯಾಲೆ ಭಾಳ ಹೆಸರಾತು ಅಂತ. ಹಂಗಂತ ಬಟ್ಟಲಾ ಕೆಟ್ಟದು ಅಂತಲ್ರಿ, ದನಿ ಭಾಳ ಛಲೋ ಇರ್ತೈತಿ, ಧ್ಯಾನಕ್ಕ ಕುಂತಾಗ ಮನಸ್ಸು ನಿಲ್ತೈತಿ. ಸಾವಿರ ವರ್ಷದ ಲಾಮಾಗಳ ವಿದ್ಯಾ ಅಂತ ಹೇಳಿ ರೇಟ್ ಏರಿಸಿದ್ರ ಮಾತ್ರ ಒಪ್ಪಬ್ಯಾಡ್ರಿ. ಏಳು ಲೋಹದ್ದು, ಬಂಗಾರ ಬೆಳ್ಳಿ ಬೆರೆಸೇವಿ ಅಂತಾರ. ಲ್ಯಾಬಿನಾಗ ನೋಡಿದಾಗ ಹಳೇ ಬಟ್ಟಲಾ ಎಲ್ಲಾ ಹೆಚ್ಚು ಕಡಿಮಿ ತಾಮ್ರ ತವರದ ಕಂಚೇ ಇರ್ತೈತಿ.

ಆರಿಸೋದು ಹೆಂಗ ಅಂದ್ರ, ಅಂಗೈ ಚಾಚಿ ಮ್ಯಾಲೆ ಇಟ್ಕೋರಿ, ಬೆರಳು ಮ್ಯಾಲೆತ್ತಿ ಹಿಡೀಬ್ಯಾಡ್ರಿ, ಮೆತ್ತನ ಬಡಿಗಿಲೆ ಒಂದ್ಸಲ ಬಡಿದು ಸುಮ್ಮನ ಕೇಳ್ರಿ. ಕಂಚಿನ ಬಟ್ಟಲಾ ಭಾಳ ಹೊತ್ತು ಅನುರಣಿಸ್ತೈತಿ, ಒಂದರ ಒಳಗ ಎರಡು ಮೂರು ದನಿ ಕೇಳ್ತಾವ. ಹಿತ್ತಾಳಿ ಎರಕದ್ದು ಟಣ್ ಅಂದು ಬೇಗ ನಿಲ್ತೈತಿ. ಕೈಯಿಂದ ಬಡಿದದ್ದಕ್ಕ ಮೈ ಮ್ಯಾಲೆ ಸುತ್ತಿಗಿ ಗುರ್ತು ಹೆಚ್ಚು ಕಡಿಮಿ ಇರ್ತಾವ, ಮಷೀನಿಂದಕ್ಕ ಎಲ್ಲಾ ಒಂದ ಅಳತಿ. ಕೆತ್ತನಿ, ಬಣ್ಣ, ಮಂತ್ರ ಬರದದ್ದು ನೋಡಿ ಮರುಳಾಗಬ್ಯಾಡ್ರಿ, ಕಣ್ಣ ಮುಚ್ಚಿ ಕಿವಿಗೆ ಯಾವುದು ಹಿಡಿಸ್ತೈತೋ ಅದನ್ನ ತಗೋರಿ.

ಅಲೆಮಾರಿ 22:

ಇಷ್ಟೆಲ್ಲಾ ಪರೀಕ್ಷೆ ಮಾಡೋ ಬದ್ಲು ಅರ್ಧ ರೇಟಿಗೆ ಕೇಳಿ, ಕೊಟ್ರೆ ತಗೊಳ್ಳಿ. ಟೂರಿಸ್ಟ್ ಜಾಗದಲ್ಲಿ ಎಲ್ಲಾ ಕಡೆ ಇದೇ ರೂಲ್ಸು.

ಕೊಪ್ಪ ಸರ್ಕಲ್:

ಅಣ್ಣ, ಅರ್ಧಕ್ಕೆ ಕೇಳೋದು ಇಲ್ಲಿ ಚೆನ್ನಾಗಿ ಕಾಣಲ್ಲ. ಎರಡು ಮೂರು ಸಾಮಾನು ತಗೊಂಡಾಗ "ಸ್ವಲ್ಪ ನೋಡಿ ಹಾಕಿ ಅಮಾಲಾ" ಅಂದ್ರೆ ತಾವಾಗೇ ಬಿಡ್ತಾರೆ. ಕೆಲವು ಅಂಗಡೀಲಿ ಫಿಕ್ಸೆಡ್ ರೇಟ್ ಬೋರ್ಡೇ ಇರುತ್ತೆ, ಅಲ್ಲಿ ಕೇಳ್ಬೇಡಿ. ಬೆಳ್ಳಿ ಕಲ್ಲಲ್ಲಿ ಮಾತಾಡೋಕೆ ಜಾಗ ಇದೆ. ಧೂಪ, ಮಂತ್ರ ಅಚ್ಚು ಹಾಕಿದ ಬಾವುಟ, ಪುಸ್ತಕ ಇವಕ್ಕೆ ಚೌಕಾಸಿ ಮಾಡಿ ಉಳಿಸೋದು ಏನೂ ಇಲ್ಲ. ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ್ಮೇಲೆ ಹಿಂದೆ ಬಂದ ಜನಕ್ಕೆ ಆಗಿನ ಮೈಸೂರು ರಾಜ್ಯ ಇಲ್ಲಿ ಜಾಗ ಕೊಡ್ತು, 1960-61ರ ಹೊತ್ತಿಗೆ ಮೊದಲ ಕ್ಯಾಂಪ್ ಶುರುವಾಗಿದ್ದು. ಆಗ ಇದೆಲ್ಲಾ ಕಾಡು. ಚಳಿ ನಾಡಿಂದ ಬಂದೋರು ಟೆಂಟ್ ಹಾಕ್ಕೊಂಡು ಮರ ಕಡಿದು ಹೊಲ ಮಾಡಿದ್ರು, ರಾತ್ರಿ ಆನೆ ಓಡ್ಸೋಕೆ ತಗಡು ಬಡೀತಿದ್ರು ಅಂತ ನಮ್ಮ ತಾತ ಹೇಳೋರು. ಹೊಲದ ಜೊತೆಗೆ ಕಂಬಳಿ ನೇಯೋದು, ಸ್ವೆಟರ್ ವ್ಯಾಪಾರ, ಈ ಅಂಗಡಿಗಳು, ಇದರಲ್ಲೇ ಮಕ್ಕಳನ್ನ ಓದಿಸಿದ್ದು. ಈಗ ಆ ಮಕ್ಕಳಲ್ಲಿ ತುಂಬಾ ಜನ ಹೊರದೇಶಕ್ಕೆ ಹೋಗಿದಾರೆ, ಅಂಗಡೀಲಿ ಉಳಿದಿರೋದು ವಯಸ್ಸಾದೋರು. ಕೈಕೆಲಸ ಗೊತ್ತಿರೋರು ಒಬ್ಬೊಬ್ಬರಾಗಿ ಕಮ್ಮಿ ಆಗ್ತಿದಾರೆ, ಕೊಳ್ಳೋರು ಅದನ್ನೇ ಹುಡುಕಿ ಕೇಳಿದ್ರೆ ಇನ್ನೊಂದಷ್ಟು ದಿನ ನಡೆಯುತ್ತೆ ಅನ್ನೋದು ನನ್ ಆಸೆ.

ಈಗ ಧೂಪ. ನಮ್ಮ ಮೈಸೂರು ಊದಿನಕಡ್ಡಿಗೆ ಬಿದಿರು ಕಡ್ಡಿ ಇರುತ್ತೆ, ಇವರದ್ದಕ್ಕೆ ಇರಲ್ಲ, ಪೂರ್ತಿ ಹಿಟ್ಟೇ. ಜುನಿಪರ್ ಥರದ ಮರದ ಪುಡಿ, ಶ್ರೀಗಂಧ, ರಕ್ತಚಂದನ, ಲವಂಗ, ಜಾಯಿಕಾಯಿ, ಏಲಕ್ಕಿ, ಜಟಾಮಾಂಸಿ, ಹಿಂಗೆ ಎಷ್ಟೋ ಸೇರಿಸಿ ನೀರಲ್ಲಿ ಕಲಸಿ ಕೊಂಬಿನ ತೂತಿಂದನೋ ಒತ್ತುಮಣೆಯಿಂದನೋ ಶ್ಯಾವಿಗೆ ಥರ ಒತ್ತಿ ನೆರಳಲ್ಲಿ ಒಣಗಿಸೋದು. ಒಂದು ಕಡ್ಡಿ ಮುರಿದು ನೋಡಿ, ಒಳಗೂ ಹೊರಗೂ ಒಂದೇ ಬಣ್ಣ ಇರ್ಬೇಕು, ಕಂದು ಇಲ್ಲಾ ಇಟ್ಟಿಗೆ ಕೆಂಪು, ಮುರಿದ ಕಡೆ ನಾರಿನ ಎಳೆ ಕಾಣುತ್ತೆ. ಹಚ್ಚದೇ ಮೂಸಿ ನೋಡಿ, ಒಳ್ಳೇದ್ರಲ್ಲಿ ಗ್ರಂಥಿಗೆ ಅಂಗಡಿ ವಾಸನೆ ಬರುತ್ತೆ, ಒಣ ಮೂಲಿಕೆ, ಸ್ವಲ್ಪ ಕಹಿ. ಹಚ್ಚೋ ಮುಂಚೇನೇ ಮಲ್ಲಿಗೆ ಗುಲಾಬಿ ಅಂತ ಮೂಗಿಗೆ ಹೊಡೆದ್ರೆ ಸೆಂಟ್ ಹಾಕಿದ್ದು. ಬಣ್ಣ ತೀರಾ ನೇರಳೆನೋ ಗುಲಾಬಿನೋ ಇದ್ರೂ ಬಿಡಿ.

ನಂಬಿಕೆಗೆ ಅಂದ್ರೆ ಮೆನ್-ತ್ಸೀ-ಖಾಂಗ್ ಧೂಪ ಕೇಳಿ. ಅದು ಟಿಬೆಟಿಯನ್ ವೈದ್ಯ ಸಂಸ್ಥೆ, 1916ರಲ್ಲಿ ಲಾಸಾದಲ್ಲಿ ಶುರುವಾಗಿದ್ದು, 1961ರಲ್ಲಿ ಧರ್ಮಶಾಲಾದಲ್ಲಿ ಮತ್ತೆ ಕಟ್ಟಿದ್ರು, ಬೈಲಕುಪ್ಪೇಲೂ ಅದರ ಆಸ್ಪತ್ರೆ ಶಾಖೆ ಇದೆ. ಕಸ್ತೂರಿ ಇದೆ ಅಂತ ಬರೆದಿರೋ ಧೂಪ ಸಿಕ್ಕಿದ್ರೆ ಅಸಲಿ ಕಸ್ತೂರಿ ಅಂತ ಆಸೆ ಪಡ್ಬೇಡಿ, ಕಸ್ತೂರಿ ಮೃಗ ವನ್ಯಜೀವಿ ಕಾಯ್ದೆಯಲ್ಲಿ ಮೊದಲ ಶೆಡ್ಯೂಲಲ್ಲಿರೋ ಪ್ರಾಣಿ, ಅಸಲೀನೇ ಆಗಿದ್ರೆ ಮಾರೋದೇ ಅಪರಾಧ. ಜಟಾಮಾಂಸೀನೂ ಹಿಮಾಲಯದಲ್ಲಿ ಅಳಿವಿನ ಅಂಚಿಗೆ ಬಂದಿದೆ, ಅದಕ್ಕೇ ತೀರಾ ಅಗ್ಗದ ಕಟ್ಟಲ್ಲಿ ಅದು ಇರುತ್ತೆ ಅನ್ನೋದನ್ನ ನಂಬೋಕಾಗಲ್ಲ.

ಹುಣಸೂರು ಹುಡ್ಗಿ:

ಅತ್ತೆ ಉಬ್ಬಸದ ಬಗ್ಗೆ ಯಾರೂ ಹೇಳ್ಲಿಲ್ಲ. ನಾನು ನರ್ಸ್ ಆಗಿ ಕೆಲ್ಸ ಮಾಡ್ತೀನಿ ಅಕ್ಕ. ಮೂಲಿಕೆದೇ ಆಗ್ಲಿ ಕೆಮಿಕಲ್‌ದೇ ಆಗ್ಲಿ, ಶ್ವಾಸನಾಳಕ್ಕೆ ಹೊಗೆ ಹೊಗೇನೇ. ಟಿಬೆಟ್ ಧೂಪ ಉಸಿರಾಟಕ್ಕೆ ಒಳ್ಳೇದು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ ಪ್ಲೀಸ್. ಆ ಕಡ್ಡಿಗಳು ದಪ್ಪ, ಹೊಗೆ ಜಾಸ್ತಿ, ಮುಚ್ಚಿದ ದೇವರ ಮನೇಲಿ ಒಂದು ಪೂರ್ತಿ ಕಡ್ಡಿ ಉರಿದ್ರೆ ಇನ್ಹೇಲರ್ ಹುಡುಕ್ಬೇಕಾಗುತ್ತೆ. ಟಿಬೆಟಿಯನ್ನರೇ ಸಾಂಗ್ ಅಂತ ಜುನಿಪರ್ ಸೊಪ್ಪು ಹಾಕಿ ಹೊಗೆ ಎಬ್ಬಿಸೋದು ಹೊರಗಡೆ, ಬಯಲಲ್ಲಿ, ಅದಕ್ಕೆ ಅಂತಾನೇ ಬಿಳಿ ಗೂಡು ಕಟ್ಟಿರ್ತಾರೆ. ಅತ್ತೆಗೆ ಅಷ್ಟು ಇಷ್ಟ ಇದ್ರೆ ತುಳಸಿ ಕಟ್ಟೆ ಹತ್ರ ಒಂದು ಇಂಚು ಮುರಿದು ಹಚ್ಚಿ, ಅವರು ದೂರ ಕೂತು ನೋಡ್ಲಿ. ಇಲ್ಲಾ ಹಚ್ಚದೇನೇ ಕಟ್ಟನ್ನ ಸೀರೆ ಬೀರೂಲಿ ಇಡಿ, ತಿಂಗಳುಗಟ್ಲೆ ಘಮ ಇರುತ್ತೆ, ನಮ್ಮನೇಲಿ ಹಂಗೇ ಮಾಡೋದು.

ಬುಲೆಟ್ ಸಂಚಾರಿ:

ಬೈಕ್‌ಗೆ ಕಟ್ಟೋ ಬಾವುಟ ಯಾವ್ದು ಒಳ್ಳೇದು ಅಂತಾನೂ ಹೇಳಿ ಗುರು. ನಾವೊಂದಷ್ಟು ಜನ ಕೂರ್ಗ್ ರೈಡ್ ಬರ್ತಿದೀವಿ.

ಮುಂಡಗೋಡ ಮಂದಿ:

ತಮ್ಮಾ, ಬೈಕಿಗೆ ಕಟ್ಟೋರು ಸೈಲೆನ್ಸರ್ ಮ್ಯಾಲೆ, ನಂಬರ್ ಪ್ಲೇಟಿಗೆ, ಮಡ್‌ಗಾರ್ಡಿಗೆ ಕಟ್ಟಿರ್ತಾರ, ಕೆಸರು ಸಿಡಿದು ಕರ್ರಗಾಗಿರ್ತೈತಿ. ಅದರ ಮ್ಯಾಲೆ ಮಂತ್ರ ಅಚ್ಚ ಹಾಕಿರ್ತಾರ. ದೇವರ ಫೋಟೋ ಕಾಲಾಗ ಹಾಕ್ಕೊಂಡಂಗಾತಲ್ಲ? ಕಟ್ಟಲೇಬಾರ್ದು ಅನ್ಸ್ತೈತಿ ನನಗ.

ಬುಲೆಟ್ ಸಂಚಾರಿ:

ನಾವು ಶೋಕಿಗೆ ಕಟ್ಟೋದಲ್ಲ ಅಣ್ಣ. ಲಡಾಖ್ ಹೋದಾಗ ಘಾಟಿ ಮೇಲೆ ಆ ಬಾವುಟ ನೋಡಿದ್ರೆ ಅಬ್ಬಾ ಹತ್ತಿದ್ವಲ್ಲ ಅಂತ ಸಮಾಧಾನ ಆಗುತ್ತೆ, ಗಾಡಿಗೆ ಏನೂ ಆಗ್ದೇ ಇರ್ಲಿ ಅಂತ ನಂಬಿಕೆ ಇಟ್ಟೇ ಕಟ್ತೀವಿ. ಶ್ರದ್ಧೆ ಇರೋರೂ ಇದೀವಿ.

ಕೊಪ್ಪ ಸರ್ಕಲ್:

ಇಬ್ರೂ ಹೇಳೋದ್ರಲ್ಲಿ ಅರ್ಥ ಇದೆ. ನಾನು ಅಂಗಡಿ ಅಮಾಲಾನ ಇದನ್ನೇ ಕೇಳಿದ್ದೆ. ಅವರು ಹೇಳಿದ್ದು: ಕಟ್ಟು, ಆದ್ರೆ ಸೊಂಟಕ್ಕಿಂತ ಮೇಲೆ ಇರ್ಲಿ, ಕಾಲು ತಾಗೋ ಕಡೆ ಬೇಡ, ನೆಲಕ್ಕೆ ಹಾಕ್ಬೇಡ, ಹರಿದು ಚಿಂದಿ ಆದ್ಮೇಲೆ ಕಸದ ತೊಟ್ಟಿಗೆ ಎಸೀಬೇಡ, ಶುಚಿಯಾದ ಜಾಗದಲ್ಲಿ ಸುಟ್ಬಿಡು. ಹ್ಯಾಂಡಲ್ ಮೇಲೆ ಕನ್ನಡಿಯಿಂದ ಕನ್ನಡಿಗೆ ಕಟ್ಟಿದ್ರೆ ಅವರಿಗೇನೂ ಬೇಜಾರಿಲ್ಲ. ಬ್ರೇಕ್ ವೈರಿಗೆ ಸಿಕ್ಕದ ಹಂಗೆ ನೋಡ್ಕೊಳ್ಳಿ ಅನ್ನೋದು ನನ್ನ ಮಾತು.

ಬಣ್ಣದ ಸಾಲು ನೋಡಿ ತಗೊಳ್ಳಿ: ನೀಲಿ, ಬಿಳಿ, ಕೆಂಪು, ಹಸಿರು, ಹಳದಿ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ನಡುವೆ ಬೆನ್ನ ಮೇಲೆ ರತ್ನ ಹೊತ್ತ ಕುದುರೆ, ಸುತ್ತ ಮಂತ್ರ. ಸಾಲು ಅದಲು ಬದಲಾಗಿದ್ರೆ ಎಲ್ಲೋ ಫ್ಯಾಕ್ಟರೀಲಿ ಗೊತ್ತಿಲ್ದೆ ಹೊಲಿದಿದ್ದು ಅಂತ ಅರ್ಥ. ಮತ್ತೆ ಪಾಲಿಯೆಸ್ಟರ್ ಬೇಡ, ತೆಳ್ಳಗಿನ ಹತ್ತಿ ಬಟ್ಟೆದೇ ಕೇಳಿ. ಬಿಸಿಲು ಗಾಳಿಗೆ ಸವೆದು ಹೋಗೋಕೇ ಇರೋದು ಅದು, ಮಂತ್ರ ಗಾಳೀಲಿ ಹರಡುತ್ತೆ ಅಂತ ಅವರ ನಂಬಿಕೆ. ಪಾಲಿಯೆಸ್ಟರ್ ಸವೆಯೋದೂ ಇಲ್ಲ, ಸುಟ್ರೆ ಗಬ್ಬು ವಾಸನೆ.

ಬಣ್ಣದ ಮನೆ:

ತಡವಾಗಿ ಬಂದೆ. ಚಿತ್ರಕಲೆ ಕಲಿಸ್ತೀನಿ, ಥಂಕಾ ಬಗ್ಗೆ ಯಾರೂ ಬರೆದಿಲ್ಲ ಅಂತ ಬರೀತಿದೀನಿ. ಗೋಡೆಗೆ ನೇತು ಹಾಕೋ, ಸುತ್ತಲೂ ಜರತಾರಿ ರೇಷ್ಮೆ ಅಂಚು ಹೊಲಿದ ಚಿತ್ರ. ಸಣ್ಣ ಅಂಗಡೀಲಿ ತೂಗಾಡ್ತಿರೋದು ಬಹುಪಾಲು ಪ್ರಿಂಟು, ಪ್ರಿಂಟ್ ತಗೊಳ್ಳೋದ್ರಲ್ಲಿ ತಪ್ಪಿಲ್ಲ, ಪೂಜೆಗೆ ಅವರೂ ಅದನ್ನೇ ಇಟ್ಕೋತಾರೆ. ಆದ್ರೆ ಕೈಲಿ ಬರೆದದ್ದು ಅಂತ ಹೇಳಿದ್ರೆ ಮಾತ್ರ ಪರೀಕ್ಷೆ ಮಾಡಿ. ಮೊಬೈಲ್ ಕ್ಯಾಮೆರಾ ಪೂರ್ತಿ ಜೂಮ್ ಮಾಡಿ ಮುಖದ ಹತ್ರ ಹಿಡೀರಿ. ಪ್ರಿಂಟಲ್ಲಿ ಸಣ್ಣ ಸಣ್ಣ ಚುಕ್ಕಿ ಕಾಣುತ್ತೆ, ಕೈಕೆಲಸದಲ್ಲಿ ಕುಂಚದ ಗೆರೆ, ಗೆರೆಯ ತುದಿ ಸಣ್ಣ ಆಗ್ತಾ ಹೋಗೋದು ಕಾಣುತ್ತೆ. ಪ್ರಿಂಟ್ ಮೇಲೆ ಅಲ್ಲಲ್ಲಿ ಬಂಗಾರದ ಬಣ್ಣ ಮೆತ್ತಿ ಕೈಕೆಲಸ ಅನ್ನೋರೂ ಇದಾರೆ, ಅದಕ್ಕೆ ಬಂಗಾರ ಇಲ್ಲದ ಕಡೆ, ಮೋಡದಲ್ಲೋ ಬೆಟ್ಟದಲ್ಲೋ ನೋಡಿ.

ಸಂಪ್ರದಾಯದ ಥಂಕಾಗೆ ಹತ್ತಿ ಬಟ್ಟೆನ ಚೌಕಟ್ಟಿಗೆ ಬಿಗಿದು ಅಂಟು ಸುಣ್ಣದ ಲೇಪ ಕೊಟ್ಟು ನಯವಾದ ಕಲ್ಲಿಂದ ಉಜ್ಜಿ ಉಜ್ಜಿ ನುಣುಪು ಮಾಡ್ತಾರೆ. ನೀಲಿಗೆ ಅಜುರೈಟ್, ಹಸಿರಿಗೆ ಮಾಲಕೈಟ್ ಅನ್ನೋ ಖನಿಜ ಅರೆದು ಬಣ್ಣ ಮಾಡ್ತಾರೆ. ಬುದ್ಧನ ಮೈ ಅಳತೆ ಒಂದೊಂದಕ್ಕೂ ಗೆರೆ ಹಾಕಿ ಲೆಕ್ಕ ಇರುತ್ತೆ, ಚಿತ್ರಕಾರ ಮನಸ್ಸಿಗೆ ಬಂದಂಗೆ ಮೂಗು ಉದ್ದ ಮಾಡೋ ಹಂಗಿಲ್ಲ. ಕಣ್ಣು ಬರೆಯೋದು ಕೊನೇಲಿ. ಒಂದು ಒಳ್ಳೇ ಥಂಕಾಗೆ ತಿಂಗಳುಗಟ್ಲೆ ಹಿಡಿಯುತ್ತೆ ಅಂದ್ಮೇಲೆ ಅದು ಕಡಿಮೆ ಬೆಲೆಗೆ ಸಿಗೋಕೆ ಸಾಧ್ಯಾನೇ ಇಲ್ಲ. ಮನೇಲಿ ಬಿಸಿಲು ಬೀಳೋ ಗೋಡೆ, ಅಡುಗೆಮನೆ ಹೊಗೆ ತಾಗೋ ಕಡೆ ಬೇಡ. ಸುತ್ತೋವಾಗ ಕೆಳಗಿನ ಕೋಲಿಂದ ಸಡಿಲವಾಗಿ ಸುತ್ತಿ, ಮಡಚಿದ್ರೆ ಲೇಪ ಬಿರುಕು ಬಿಡುತ್ತೆ.

ಜಾಗ ಇದ್ರೆ, ದುಡ್ಡಿದ್ರೆ ನನ್ನ ಕೇಳಿದ್ರೆ ಕಂಬಳಿ ತಗೊಳ್ಳಿ ಅಂತೀನಿ. ಟಿಬೆಟಿಯನ್ ಗಂಟೇ ಬೇರೆ: ಮಗ್ಗದ ಅಡ್ಡಕ್ಕೆ ಒಂದು ಸರಳು ಇಟ್ಟು ಉಣ್ಣೆನ ಅದಕ್ಕೆ ಸುತ್ತಿ ಸುತ್ತಿ ಕಟ್ಕೊಂಡು ಹೋಗ್ತಾರೆ, ಸಾಲು ಮುಗಿದ್ಮೇಲೆ ಸರಳಿನ ಉದ್ದಕ್ಕೆ ಚಾಕು ಎಳೀತಾರೆ, ಸುರುಳಿ ಎಲ್ಲಾ ಸರ್ ಅಂತ ಬಿಚ್ಚಿ ಕುಚ್ಚಾಗುತ್ತೆ. ಅದನ್ನ ಕಣ್ಣಾರೆ ನೋಡಿದೀನಿ, ನೇಯೋ ಹೆಂಗಸ್ರು ಹಾಡ್ಕೊಂಡು ಕೂತಿರ್ತಾರೆ. ಕುರ್ಚಿ ಮೇಲೆ ಹಾಕೋ ಸಣ್ಣ ಚೌಕ ಕಂಬಳೀನೂ ಸಿಗುತ್ತೆ. ಹಿಂಬದಿ ತಿರುಗಿಸಿ ನೋಡಿ, ಮುಂದಿನ ಚಿತ್ತಾರ ಹಿಂದೇನೂ ಕಂಡ್ರೆ ಗಂಟು ಹಾಕಿದ್ದು. ಹಿಂದೆ ಬಟ್ಟೆ ಅಂಟಿಸಿದ್ರೆ ಮಷೀನಲ್ಲಿ ಚುಚ್ಚಿದ್ದಿರುತ್ತೆ, ಒಂದ್ಸಲ ಕೇಳಿ ತಗೊಳ್ಳಿ.

ಹೇಮಾವತಿ ದಡ:

ಒಬ್ಬೊಬ್ಬರಿಗೂ ಕೈ ಮುಗೀಬೇಕು. ಅತ್ತೆಗೆ ಹುಣಸೂರು ತಂಗಿ ಹೇಳಿದ್ದನ್ನ ಓದಿ ಹೇಳ್ದೆ, ಸೀರೆ ಬೀರು ಐಡಿಯಾ ಒಪ್ಕೊಂಡ್ರು. ಇನ್ನೊಂದು ಪ್ರಶ್ನೆ, ಬುದ್ಧನ ವಿಗ್ರಹ ಶೋಕೇಸಲ್ಲಿ ಇಡೋಕೆ ತಗೋಬಹುದಾ? ಒಂದು ವೀಡಿಯೋದಲ್ಲಿ ಯಾರೋ ಇನ್ನೂರು ವರ್ಷ ಹಳೇದು ಅಂತ ತೋರಿಸ್ತಿದ್ರು, ಹಂಗಿದ್ದದ್ದು ಸಿಕ್ಕಿದ್ರೆ? ಮತ್ತೆ ನಮ್ಮ ಜೊತೆ ತಮ್ಮನ ಫ್ರೆಂಡ್ ಒಬ್ಬ ಜರ್ಮನಿಯವನು ಬರ್ತಾನೆ, ಏನಾದ್ರೂ ತೊಂದ್ರೆ ಇದ್ಯಾ?

ಅಕ್ಕಸಾಲಿ ಮನೆ:

ಹಳೇದು ಅಂತ ಹೇಳಿದ್ರೆ ಕೈ ಹಾಕಲೇಬೇಡಿ. ನೂರು ವರ್ಷ ದಾಟಿದ ವಿಗ್ರಹ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತೆ, ಮಾರೋರಿಗೆ ಲೈಸೆನ್ಸ್ ಬೇಕು, ಇಟ್ಕೊಳ್ಳೋರು ನೋಂದಣಿ ಮಾಡಿಸ್ಬೇಕು, ಆ ಜರ್ಮನಿ ಹುಡುಗ ಅದನ್ನ ಊರಿಗೆ ತಗೊಂಡು ಹೋಗೋಕಂತೂ ಬಿಡಲ್ಲ. ಸುಳ್ಳಾಗಿದ್ರೆ ದುಡ್ಡು ಹೋಯ್ತು, ನಿಜ ಆಗಿದ್ರೆ ಕೇಸು.

ಕೊಪ್ಪ ಸರ್ಕಲ್:

ಹೊಸ ವಿಗ್ರಹ ಆರಾಮಾಗಿ ತಗೊಳ್ಳಿ. ತಲೆಕೆಳಗು ಮಾಡಿ ನೋಡಿದ್ರೆ ಒಳಗೆ ಟೊಳ್ಳಿರುತ್ತೆ, ತಳ ತೆರೆದಿರುತ್ತೆ. ಪೂಜೆಗೆ ಇಡೋರು ಅದನ್ನ ಮಠಕ್ಕೆ ಕೊಟ್ಟು ಒಳಗೆ ಮಂತ್ರದ ಸುರುಳಿ, ಧೂಪದ ಪುಡಿ ತುಂಬಿಸಿ ತಳಕ್ಕೆ ತಾಮ್ರದ ತಗಡು ಹಾಕಿ ಮುಚ್ಚಿಸಿ ಪ್ರತಿಷ್ಠೆ ಮಾಡಿಸ್ತಾರೆ. ಶೋಕೇಸಿಗಾದ್ರೆ ಅದೆಲ್ಲಾ ಬೇಡ, ಆದ್ರೆ ಚಪ್ಪಲಿ ಸ್ಟ್ಯಾಂಡ್ ಮೇಲೆ, ಬಾತ್‌ರೂಮ್ ಗೋಡೆಗೆ ಇಡ್ಬೇಡಿ, ಎದೆ ಮಟ್ಟಕ್ಕಾದ್ರೂ ಇರ್ಲಿ.

ಜರ್ಮನಿ ಫ್ರೆಂಡ್ ಹಗಲು ನೋಡ್ಕೊಂಡು ಹೋಗ್ತಾನಾ ಇಲ್ಲಾ ಉಳ್ಕೋತಾನಾ? ಕ್ಯಾಂಪಲ್ಲಿ ರಾತ್ರಿ ಉಳಿಯೋಕೆ ವಿದೇಶೀಯರಿಗೆ ಕೇಂದ್ರ ಗೃಹ ಇಲಾಖೆಯ ಪಿಎಪಿ (ಪ್ರೊಟೆಕ್ಟೆಡ್ ಏರಿಯಾ ಪರ್ಮಿಟ್) ಬೇಕು, ಅದು ಬರೋಕೆ ಬಹಳ ದಿನ ಹಿಡಿಯುತ್ತೆ. ಹಂಗಾಗಿ ರೂಮ್ ಕುಶಾಲನಗರದಲ್ಲೇ ಮಾಡಿ, ಐದಾರು ಕಿಲೋಮೀಟರ್ ಅಷ್ಟೆ. ಬಸ್ಸಲ್ಲಿ ಬಂದ್ರೆ ಮೈಸೂರು ಮಡಿಕೇರಿ ರೋಡಲ್ಲಿ ಕೊಪ್ಪ ಗೇಟ್ ಅಂತ ಕೇಳಿ ಇಳಿದು ಆಟೋ ಹಿಡೀರಿ. ದಸರಾ ರಜೇಲಿ ಜನ ಜಾಸ್ತಿ, ಬೆಳಿಗ್ಗೆ ಬೇಗ ಬಂದ್ರೆ ಅಮಾಲಾಗಳ ಜೊತೆ ಮಾತಾಡೋಕೆ ಸಿಗ್ತಾರೆ, ಮಧ್ಯಾಹ್ನದ ಮೇಲೆ ನೂಕುನುಗ್ಗಲು.

ಬೇರೆ ಯಾರಾದ್ರೂ ಓದ್ತಿದ್ರೆ ಅವರಿಗೂ ಅಂತ ಹೇಳ್ತೀನಿ: ಲೋಸಾರ್ ಅಂದ್ರೆ ಅವರ ಹೊಸ ವರ್ಷ, ಫೆಬ್ರವರಿ ಮಾರ್ಚಲ್ಲಿ ಬರುತ್ತೆ, ಆಗ ಅಂಗಡಿ ಮುಚ್ಚಿರುತ್ತೆ. ಮಾರ್ಚ್ 10, ಜುಲೈ 6 ಕೂಡ ನೋಡ್ಕೊಂಡು ಬನ್ನಿ, ಒಂದು 1959ರ ಲಾಸಾ ದಂಗೆಯ ನೆನಪಿನ ದಿನ, ಇನ್ನೊಂದು ದಲೈ ಲಾಮಾ ಹುಟ್ಟುಹಬ್ಬ. ಮತ್ತೆ ಅಂಗಡಿ ಒಳಗೆ ಫೋಟೋ ತೆಗೆಯೋ ಮುಂಚೆ ಒಂದು ಮಾತು ಕೇಳಿ, ಜಪ ಮಾಡ್ತಿರೋರ ಮುಖಕ್ಕೇ ಮೊಬೈಲ್ ಹಿಡಿಯೋರು ಜಾಸ್ತಿ ಆಗಿದಾರೆ.

ಹೇಮಾವತಿ ದಡ:

ಹಗಲು ಮಾತ್ರ, ರೂಮ್ ಕುಶಾಲನಗರದಲ್ಲೇ ಬುಕ್ ಆಗಿದೆ. ಆ ಪಂಗ್ದೆನ್ ಬಟ್ಟೆ ಪರ್ಸ್ ಮಾಡೋ ಅಜ್ಜಿ ಅಂಗಡಿ ಯಾವ ಕಡೆ ಬರುತ್ತೆ ಅಂತ ಮೆಸೇಜ್ ಮಾಡ್ತೀರಾ? ಆಫೀಸಲ್ಲಿ ಕೊಡೋಕೆ ಒಂದಷ್ಟು ಬೇಕು.

ಕೊಪ್ಪ ಸರ್ಕಲ್:

ಮಾಡ್ತೀನಿ ಮೇಡಂ. ಜಾಸ್ತಿ ಬೇಕಾದ್ರೆ ಈಗ್ಲೇ ಹೇಳಿ, ಅವರು ಒಬ್ರೇ ಹೊಲಿಯೋದು, ಹೋಗಿ ಹೇಳ್ಬಿಟ್ಟು ಬರ್ತೀನಿ.